ಮುಂಗೈ ಬಿಗಿತಕ್ಕೆ ಕಾಲಿನ ಮದ್ದು: ಆಫ್‌ರೋಡ್ ಸವಾರರೊಬ್ಬರ 16 ವಾರಗಳ ಪ್ರಕರಣ ಅಧ್ಯಯನ

ಈ ಸವಾರರಿಗೆ 42 ವರ್ಷ. ದಿನದ ಬಹುಪಾಲು ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ವಾರಾಂತ್ಯ ಬಂತೆಂದರೆ ಸುಮಾರು 115 ಕೆ.ಜಿ. ತೂಕದ ಎಂಡ್ಯೂರೊ ಬೈಕ್ ಹತ್ತಿ ಕಾಡುದಾರಿ, ಕಲ್ಲುಹಾದಿ, ಮರಳು ಎಂದು ಹೊರಟುಬಿಡುತ್ತಾರೆ. ಆರು ವರ್ಷಗಳ ಅನುಭವವಿದೆ, ಬೈಕ್ ಓಡಿಸುವ ಕೌಶಲಕ್ಕೆ ಕೊರತೆಯಿಲ್ಲ. ನನ್ನ ಬಳಿ ಬಂದಾಗ ತಮ್ಮ ಕಷ್ಟವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು: “ಅರ್ಧ ಗಂಟೆಯೊಳಗೆ ಮುಂಗೈ ಕಲ್ಲಾಗುತ್ತದೆ, ಆಮೇಲೆ ಬೆರಳು ಬಿಚ್ಚಲು ಬರುವುದಿಲ್ಲ.”

ಸವಾರರು ಇದನ್ನು ಆರ್ಮ್ ಪಂಪ್ ಎನ್ನುತ್ತಾರೆ. ಒರಟು ನೆಲದಲ್ಲಿ ಬೈಕ್ ಓಡಿಸಿದವರಿಗೆಲ್ಲ ಒಂದಲ್ಲ ಒಂದು ದಿನ ಇದರ ಪರಿಚಯವಾಗಿರುತ್ತದೆ. ಆದರೆ ಇವರ ವಿಷಯದಲ್ಲಿ ಅದು ಕಿರಿಕಿರಿಯ ಮಟ್ಟವನ್ನು ದಾಟಿತ್ತು. ಹಿಂದಿನ ವರ್ಷ ಮೂರು ಬಾರಿ ಬಿದ್ದಿದ್ದರು, ಮೂರೂ ಸವಾರಿಯ ಎರಡನೆಯ ಗಂಟೆ ಕಳೆದ ಮೇಲೆ. ಕೊನೆಯ ಸಲ ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿಯಲು ಹೋದಾಗ ಬೆರಳು ಮಾತು ಕೇಳಲಿಲ್ಲ. ಮಣಿಕಟ್ಟು ಉಳುಕಿ ಆರು ವಾರ ಬೈಕ್ ಮುಟ್ಟುವಂತಿರಲಿಲ್ಲ. ಈಗ 16 ವಾರಗಳ ನಂತರ ಎರಡು ದಿನಗಳ ಒಂದು ಸವಾರಿಗೆ ಹೆಸರು ಕೊಟ್ಟಿದ್ದರು, ದಿನಕ್ಕೆ ನಾಲ್ಕೂವರೆ ಐದು ಗಂಟೆ.

ಬರುವಾಗ ಸ್ಪ್ರಿಂಗ್ ಇರುವ ಒಂದು ಜೊತೆ ಹ್ಯಾಂಡ್ ಗ್ರಿಪ್ಪರ್ ತಂದಿದ್ದರು. ನಾಲ್ಕು ತಿಂಗಳಿಂದ ದಿನಕ್ಕೆ 200 ಬಾರಿ ಹಿಸುಕುತ್ತಿದ್ದರಂತೆ. ರಬ್ಬರಿನ ಮೇಲಿನ ಅಚ್ಚು ಸವೆದುಹೋಗಿತ್ತು. ಅಷ್ಟು ಶ್ರದ್ಧೆಯಿಂದ ಮಾಡಿದ ಮೇಲೂ ಬಿಗಿತ ಕಡಿಮೆಯಾಗಿರಲಿಲ್ಲ, ಮೊದಲಿಗಿಂತ ಬೇಗನೆ ಬರುತ್ತಿದೆ ಎಂದು ಅವರಿಗೇ ಅನುಮಾನ ಹುಟ್ಟಿತ್ತು. ಇಷ್ಟು ಹಟವಿರುವ ಮನುಷ್ಯನಿಗೆ ತಪ್ಪು ದಾರಿ ಸಿಕ್ಕಿದೆಯಲ್ಲ ಎಂದು ನನಗೆ ನಿಜಕ್ಕೂ ನೋವಾಯಿತು.

ಮೊದಲು ವೈದ್ಯರು

ನಾನು ದೈಹಿಕ ತರಬೇತುದಾರ, ವೈದ್ಯನಲ್ಲ. ನಲವತ್ತು ದಾಟಿದವರು, ಅದರಲ್ಲೂ ಕೂತು ಕೆಲಸ ಮಾಡುವವರು ಕಠಿಣ ತರಬೇತಿಗೆ ಇಳಿಯುವ ಮುನ್ನ ಹೃದಯದ ತಪಾಸಣೆ ಮಾಡಿಸಿಕೊಂಡು ಬರಬೇಕೆಂದು ಕೇಳುತ್ತೇನೆ. ಇವರ ಇಸಿಜಿ ಮತ್ತು ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ತೊಂದರೆಯೇನೂ ಕಾಣಲಿಲ್ಲ. ಟ್ರೆಡ್‌ಮಿಲ್ಲಿನ ಕೊನೆಯಲ್ಲಿ ಹೃದಯ ಬಡಿತ ನಿಮಿಷಕ್ಕೆ 181ಕ್ಕೆ ಏರಿತ್ತು. ವಯಸ್ಸನ್ನು ಕಳೆದು ಲೆಕ್ಕ ಹಾಕುವ ಸೂತ್ರಗಳಿಗಿಂತ ಹೀಗೆ ಅಳೆದ ಅಂಕಿ ನನಗೆ ಹೆಚ್ಚು ಉಪಯುಕ್ತ.

ಮುಂಗೈಯನ್ನು ಮೂಳೆ ವೈದ್ಯರು ನೋಡಿದರು. ಮುಂಗೈಯ ಸ್ನಾಯುಗಳನ್ನು ಫ್ಯಾಸಿಯಾ ಎಂಬ ಗಟ್ಟಿ ಪೊರೆ ಸುತ್ತುವರಿದಿರುತ್ತದೆ. ಸ್ನಾಯು ಬಿಡುವಿಲ್ಲದೆ ಬಿಗಿದೇ ಇದ್ದರೆ ಒಳಗಿನ ಒತ್ತಡ ಏರಿ ಸಣ್ಣ ರಕ್ತನಾಳಗಳು ಅದುಮಿಕೊಳ್ಳುತ್ತವೆ. ಹೃದಯ ಒತ್ತಿ ಕಳಿಸಿದ ರಕ್ತ ಹೇಗೋ ಒಳಗೆ ನುಗ್ಗುತ್ತದೆ, ಆದರೆ ಕಡಿಮೆ ಒತ್ತಡದಲ್ಲಿ ಹರಿಯುವ ಅಭಿಧಮನಿಯ ರಕ್ತಕ್ಕೆ ಹೊರಹೋಗಲು ದಾರಿ ಸಾಲದು. ಸ್ನಾಯು ಊದಿಕೊಳ್ಳುತ್ತದೆ, ಪೊರೆ ಅಷ್ಟಾಗಿ ಹಿಗ್ಗುವುದಿಲ್ಲ. ಇದು ತೀವ್ರವಾಗಿ ಮರುಕಳಿಸುವವರಿಗೆ ವ್ಯಾಯಾಮದ ಮೊದಲು ಮತ್ತು ನಂತರ ಸೂಜಿಯ ಮೂಲಕ ಒಳಗಿನ ಒತ್ತಡವನ್ನು ಅಳೆಯುವ ಪರೀಕ್ಷೆಯಿದೆ, ಪೊರೆಯನ್ನು ಸೀಳಿ ಜಾಗ ಮಾಡಿಕೊಡುವ ಶಸ್ತ್ರಚಿಕಿತ್ಸೆಯೂ ಇದೆ. ಸವಾರಿ ನಿಲ್ಲಿಸಿದ ಹತ್ತು ಹದಿನೈದು ನಿಮಿಷಗಳಲ್ಲಿ ಇವರ ಬಿಗಿತ ಇಳಿಯುತ್ತಿತ್ತು, ವಿಶ್ರಾಂತಿಯಲ್ಲಿರುವಾಗ ಜೋಮಾಗಲಿ ನೋವಾಗಲಿ ಇರಲಿಲ್ಲ. ಆದ್ದರಿಂದ ವೈದ್ಯರು ಮೊದಲು ನಾಲ್ಕು ತಿಂಗಳು ತರಬೇತಿ ಮಾಡಿ ನೋಡಿ, ಆಮೇಲೆ ಪರೀಕ್ಷೆಯ ಮಾತು ಎಂದರು. ಬೈಕ್ ಇಳಿದ ಮೇಲೂ ನೋವು ಇಳಿಯದವರು, ಬೆರಳಿನ ಸ್ಪರ್ಶ ಮರಳದವರು ತರಬೇತುದಾರರ ಬಳಿ ಸಮಯ ಕಳೆಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಅಳತೆಗಳು ಹೇಳಿದ್ದು

ಹಿಡಿತದ ಬಲವನ್ನು ಡೈನಮೋಮೀಟರಿನಲ್ಲಿ ಅಳೆದೆ. ಬಲಗೈ 54 ಕೆ.ಜಿ., ಎಡಗೈ 51. ಈ ವಯಸ್ಸಿನ ಗಂಡಸಿಗೆ ಇದು ಚೆನ್ನಾಗಿಯೇ ಇರುವ ಹಿಡಿತ. ಕಂಬಿಗೆ ನೇತಾಡಿದಾಗ ಒಂದು ನಿಮಿಷ ದಾಟಿಸಿದರು. ನೆಲದ ಮೇಲಿನ ಭಾರವನ್ನು ಹಿಡಿದು ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟಿನಲ್ಲಿ 100 ಕೆ.ಜಿ. ತೂಕವನ್ನು ಐದು ಬಾರಿ ಎತ್ತಿದರು. ಬಲದ ಲೆಕ್ಕದಲ್ಲಿ ಬಡವರೇನಲ್ಲ.

ಬಡತನ ಬೇರೆ ಕಡೆ ಇತ್ತು. ಬೆಳಗ್ಗೆ ಎದ್ದಾಗಿನ ಹೃದಯ ಬಡಿತ 74. ವ್ಯಾಯಾಮದ ಸೈಕಲ್ ಮೇಲೆ ನಿಧಾನವಾಗಿ ತುಳಿಯುತ್ತಾ ಮಾತಾಡಿಸಿದರೆ, ಬಡಿತ 135 ಮುಟ್ಟುವಷ್ಟರಲ್ಲಿ ಒಂದು ವಾಕ್ಯವನ್ನು ಮುಗಿಸಲು ಎರಡು ಬಾರಿ ಉಸಿರೆಳೆದುಕೊಳ್ಳುತ್ತಿದ್ದರು. ದೀರ್ಘ ಶ್ರಮದ ತಳಪಾಯವೇ ಇರಲಿಲ್ಲ.

ಆಮೇಲೆ ನನ್ನ ಮೆಚ್ಚಿನ ಪರೀಕ್ಷೆ. ಬೈಕನ್ನು ಅಲುಗಾಡದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬೂಟು ಹಾಕಿಕೊಂಡು ಫುಟ್‌ಪೆಗ್ (ಪಾದ ಇಡುವ ಕಂಬಿ) ಮೇಲೆ ನಿಲ್ಲಬೇಕು. ಮಂಡಿ ಸ್ವಲ್ಪ ಬಾಗಿರಬೇಕು, ಸೊಂಟದಿಂದ ಮುಂದಕ್ಕೆ ಬಾಗಿ ಪೃಷ್ಠ ಹಿಂದೆ ಹೋಗಿರಬೇಕು, ಮೊಣಕೈ ಅಗಲವಾಗಿ ಮೇಲಿರಬೇಕು. ಬೆರಳ ತುದಿಗಳು ಹ್ಯಾಂಡಲ್ಲನ್ನು ಮುಟ್ಟಬಹುದು, ಹಿಡಿಯುವಂತಿಲ್ಲ. ಸವಾರಿಯಲ್ಲಿ ಗಂಟೆಗಟ್ಟಲೆ ಇರಬೇಕಾದ ಭಂಗಿ ಇದೇ. ಇವರು 1 ನಿಮಿಷ 10 ಸೆಕೆಂಡಿಗೆ ತೊಡೆ ನಡುಗಿ, ಮಂಡಿಯನ್ನು ನೆಟ್ಟಗೆ ಮಾಡಿ, ಹ್ಯಾಂಡಲ್ಲನ್ನು ಗಪ್ಪನೆ ಹಿಡಿದುಕೊಂಡರು. ಹಿಡಿದದ್ದು ಅವರ ಗಮನಕ್ಕೇ ಬಂದಿರಲಿಲ್ಲ. ನಾನು ತೋರಿಸಿದಾಗ ಕೈಯನ್ನೇ ಒಂದು ಕ್ಷಣ ದಿಟ್ಟಿಸಿದರು.

ಎಡಪಾದದ ಕೀಲಿನಲ್ಲೂ ಒಂದು ಸುಳಿವು ಸಿಕ್ಕಿತು. ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸುವ ಪರೀಕ್ಷೆಯಲ್ಲಿ ಬಲಪಾದದ ಹೆಬ್ಬೆರಳು ಗೋಡೆಯಿಂದ 11 ಸೆಂ.ಮೀ. ದೂರ ಹೋಯಿತು, ಎಡಪಾದದ್ದು 6 ಮಾತ್ರ. ಹಳೆಯ ಉಳುಕು. ಆಫ್‌ರೋಡ್ ಬೂಟು ಹೇಗೂ ಪಾದವನ್ನು ಬಿಗಿಯಾಗಿ ಹಿಡಿದಿರುತ್ತದೆ, ಅದರೊಳಗಿನ ಕೀಲೂ ಬಾಗದಿದ್ದರೆ ಹಿಮ್ಮಡಿಯನ್ನು ಕೆಳಗಿಟ್ಟು ಭಾರ ಇಳಿಸುವುದು ಕಷ್ಟ. ಆಗ ದೇಹ ಮುಂದೆ ವಾಲಿ ಆ ಭಾರ ಅಂಗೈಗೆ ಬರುತ್ತದೆ.

ಹಾದಿಯಲ್ಲಿ ಕಂಡದ್ದು, ಕೇಳಿದ್ದು

ಕೋಣೆಯೊಳಗಿನ ಪರೀಕ್ಷೆ ಅರ್ಧ ಕಥೆ ಮಾತ್ರ. ಅವರಿಗೆ ಪರಿಚಿತವಾದ, ಸುಮಾರು 22 ನಿಮಿಷ ಹಿಡಿಯುವ ಒಂದು ಸುತ್ತುಹಾದಿಯನ್ನು ಆರಿಸಿ, ಎದೆಗೆ ಹೃದಯ ಬಡಿತದ ಪಟ್ಟಿ ಕಟ್ಟಿ, ಹೆಲ್ಮೆಟ್ಟಿನ ಗಲ್ಲದ ಭಾಗಕ್ಕೆ ಕ್ಯಾಮೆರಾ ಸಿಕ್ಕಿಸಿ ಕಳಿಸಿದೆ. ನಾನು ಇನ್ನೊಂದು ಬೈಕಿನಲ್ಲಿ ಹಿಂದೆ ಹೋದೆ.

ಮೊದಲ ಎಂಟು ನಿಮಿಷ ಚೆಂದವಾಗಿ ನಿಂತು ಓಡಿಸಿದರು. ನಂತರ ಮಂಡಿಗಳು ಟ್ಯಾಂಕಿನಿಂದ ದೂರ ಸರಿದು ಅಗಲವಾದವು. ಹನ್ನೆರಡನೆಯ ನಿಮಿಷಕ್ಕೆ ಕಾಲು ನೆಟ್ಟಗಾಯಿತು. ಹದಿನೈದಕ್ಕೆ ಕೂತರು. ಕೂತ ಮೇಲೆ ಪ್ರತಿ ಗುಂಡಿಯ ಹೊಡೆತವೂ ಬೆನ್ನಿಗೆ, ಬೆನ್ನಿನಿಂದ ಭುಜಕ್ಕೆ. ಏರಿನಲ್ಲಿ ಗ್ಯಾಸ್ ಕೊಟ್ಟಾಗ ಬೈಕ್ ಮುಂದೆ ಜಿಗಿಯುತ್ತದೆ, ಮೈ ಹಿಂದೆ ಉಳಿಯುತ್ತದೆ. ಆ ಎಳೆತವನ್ನು ತೊಡೆಯ ಒಳಭಾಗ ಟ್ಯಾಂಕನ್ನು ಅಪ್ಪಿ ತಡೆಯಬೇಕು. ತೊಡೆ ಸೋತಾಗ ತಡೆಯುವುದು ಹತ್ತು ಬೆರಳುಗಳು. ಹೀಗೆ ಹಿಂದಿನಿಂದ ನೋಡುತ್ತಿದ್ದರೆ, ಕಾಲು ಬಿಟ್ಟ ಕೆಲಸವನ್ನು ಕೈ ಎತ್ತಿಕೊಳ್ಳುವ ಗಳಿಗೆ ಕಣ್ಣಿಗೇ ಕಾಣುತ್ತಿತ್ತು.

ಆ ಸುತ್ತಿನ ಸರಾಸರಿ ಬಡಿತ 168, ಅಂದರೆ ಅವರ ಗರಿಷ್ಠದ ಶೇ. 93. ವೃತ್ತಿಪರ ಮೋಟೊಕ್ರಾಸ್‌ನಲ್ಲಿ, ಅಂದರೆ ಮಣ್ಣಿನ ಟ್ರ್ಯಾಕಿನ ಬೈಕ್ ರೇಸಿನಲ್ಲಿ, ಇಂಥ ಅಂಕಿ ಆಶ್ಚರ್ಯವಲ್ಲ. ಫಿನ್ಲೆಂಡಿನಲ್ಲಿ ಮೋಟೊಕ್ರಾಸ್ ಸವಾರರ ಮೇಲೆ ಮಾಡಿದ ಅಳತೆಗಳಲ್ಲಿ ಹೃದಯ ಗರಿಷ್ಠದ ಶೇ. 90ರ ಮೇಲೆಯೇ ಓಡುತ್ತಿತ್ತು. ವಿಶ್ವ ಚಾಂಪಿಯನ್‌ಷಿಪ್ ಮಟ್ಟದಲ್ಲಿ 30 ನಿಮಿಷ ಮತ್ತು ಮೇಲೆರಡು ಸುತ್ತುಗಳ ಓಟವನ್ನು ಒಂದೇ ದಿನ ಎರಡು ಬಾರಿ ಓಡುವವರ ಲೋಕ ಅದು. ಇವರಾದರೋ ವಿಹಾರದ ವೇಗದಲ್ಲಿದ್ದರು. ಹವ್ಯಾಸಿ ಸವಾರರನ್ನು ಕೆನಡಾದಲ್ಲಿ ಅಳೆದಾಗ ಆಫ್‌ರೋಡ್ ಬೈಕಿನ ಮೇಲೆ ದೇಹ ಬಳಸುವ ಆಮ್ಲಜನಕ ವಿಶ್ರಾಂತಿಯ ಸ್ಥಿತಿಯ ಸುಮಾರು ಆರು ಪಟ್ಟು ಇತ್ತು. ಅದು ಹಗುರ ಓಟದ ಆಸುಪಾಸಿನ ಶ್ರಮ. ಅಷ್ಟು ಶ್ರಮಕ್ಕೆ ಹೃದಯ ಇಷ್ಟು ಏರಬೇಕಿಲ್ಲ. ಬಿಗಿಹಿಡಿದ ಸ್ನಾಯು ಮತ್ತು ಮನಸ್ಸಿನ ಉದ್ವೇಗ ಎರಡೂ ಸೇರಿ, ಆಮ್ಲಜನಕದ ಅಗತ್ಯವನ್ನು ಮೀರಿ ಬಡಿತವನ್ನು ಮೇಲಕ್ಕೆ ತಳ್ಳುತ್ತವೆ. ಸವಾರಿಯ ಹೃದಯ ಬಡಿತವನ್ನು ಓಟದ ಹೃದಯ ಬಡಿತದಂತೆ ಓದಬಾರದು ಎನ್ನುವುದು ಇದಕ್ಕೇ.

ಎಲ್ಲಕ್ಕಿಂತ ಹೆಚ್ಚು ಹೇಳಿದ್ದು ಕ್ಯಾಮೆರಾದ ಚಿತ್ರವಲ್ಲ, ಧ್ವನಿ. ಗಲ್ಲದ ಹತ್ತಿರವೇ ಮೈಕ್ ಇದ್ದುದರಿಂದ ಎಂಜಿನ್ ಸದ್ದಿನ ನಡುವೆ ಉಸಿರೂ ಕೇಳುತ್ತಿತ್ತು. ಸುತ್ತಿನ ಕೊನೆಯಲ್ಲಿ ಕಲ್ಲು ತುಂಬಿದ ಒಂದು ಏರು ಇದೆ, ಹತ್ತಲು ಸುಮಾರು 40 ಸೆಕೆಂಡು. ಏರಿನ ಬುಡದಲ್ಲಿ ಒಂದು ಉಸಿರು ಒಳಗೆ ಹೋದ ಸದ್ದು. ಆಮೇಲೆ ಎಂಜಿನ್, ಕಲ್ಲು, ಸರಪಳಿ. ಉಸಿರಿಲ್ಲ. ತುದಿ ಮುಟ್ಟಿದ ಮೇಲೆ ಒಮ್ಮೆಲೇ ಗಾಳಿ ಬಿಟ್ಟ ಸದ್ದು, ಹಿಂದೆಯೇ ಏದುಸಿರು. ನಾವಿಬ್ಬರೂ ಅದನ್ನು ಮೂರು ಬಾರಿ ಕೇಳಿದೆವು. “ನಾನು ಉಸಿರಾಡುತ್ತಲೇ ಇಲ್ಲವಲ್ಲ” ಎಂದರು. ಉಸಿರು ಕಟ್ಟಿದಾಗ ಎದೆ, ಭುಜ, ಕೈ ಎಲ್ಲವೂ ಒಟ್ಟಿಗೆ ಬಿಗಿಯುತ್ತವೆ, ರಕ್ತದೊತ್ತಡವೂ ಏರುತ್ತದೆ. ಕೈ ಸಡಿಲ ಬಿಡಿ ಎಂದು ಸವಾರನಿಗೆ ಎಷ್ಟು ಕೂಗಿ ಹೇಳಿದರೂ ಉಸಿರು ಕಟ್ಟಿದ ದೇಹ ಆ ಮಾತನ್ನು ಪಾಲಿಸುವುದಿಲ್ಲ.

ಹೀಗೆ ನನ್ನ ತೀರ್ಮಾನ ಸ್ಪಷ್ಟವಾಯಿತು. ಸುಸ್ತಾಗುತ್ತಿದ್ದುದು ತೊಡೆ ಮತ್ತು ಉಸಿರು, ದಿನವೂ ದಂಡನೆ ಅನುಭವಿಸುತ್ತಿದ್ದುದು ಮುಂಗೈ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಬೈಕಿನ ಹತ್ತು ನಿಮಿಷದ ಕೆಲಸ

ದೇಹವನ್ನು ತಿದ್ದುವ ಮುನ್ನ ಬೈಕನ್ನು ನೋಡಬೇಕು. ಕ್ಲಚ್ ಮತ್ತು ಬ್ರೇಕಿನ ಲಿವರ್‌ಗಳು ನೆಲಕ್ಕೆ ಸಮಾನಾಂತರವಾಗಿದ್ದವು. ಕೂತು ಓಡಿಸುವವರಿಗೆ ಅದು ಸರಿ, ಆದರೆ ನಿಂತಾಗ ಮಣಿಕಟ್ಟು ಮೇಲಕ್ಕೆ ಮಡಿಸಿಕೊಳ್ಳುತ್ತದೆ. ಹಾಗೆ ಮಡಿಸಿದ ಕೈಯಲ್ಲಿ ಬೆರಳು ಮಡಚಲು ಸ್ನಾಯು ಹೆಚ್ಚು ಎಳೆಯಬೇಕು. ನಿಂತ ಭಂಗಿಯಲ್ಲಿ ಮುಂಗೈ, ಮಣಿಕಟ್ಟು, ತೋರುಬೆರಳು ಒಂದೇ ಗೆರೆಯಲ್ಲಿ ಬರುವಂತೆ ಲಿವರ್‌ಗಳನ್ನು ಕೆಳಮುಖವಾಗಿ ತಿರುಗಿಸಿದೆವು. ಹ್ಯಾಂಡಲ್ಲನ್ನು 20 ಮಿ.ಮೀ. ಎತ್ತರಿಸಿದೆವು. ಸಸ್ಪೆನ್ಷನ್ ಇವರ ತೂಕಕ್ಕೆ ಗಡುಸಾಗಿತ್ತು, ಅದನ್ನು ಮೆಕ್ಯಾನಿಕ್ ಸ್ವಲ್ಪ ಮೆದು ಮಾಡಿದರು. ಎರಡು ಬೆರಳಿನಿಂದ ಬ್ರೇಕ್ ಹಿಡಿಯುವ ಅಭ್ಯಾಸವನ್ನು ಒಂದು ಬೆರಳಿಗೆ ಇಳಿಸಿದೆವು, ಉಳಿದ ಮೂರು ಹ್ಯಾಂಡಲ್ಲಿಗೆ.

ಇಷ್ಟರಿಂದಲೇ ಬಿಗಿತ ಬರುವುದು ಐದಾರು ನಿಮಿಷ ತಡವಾಯಿತು. ಒಬ್ಬ ಸವಾರನ ಪ್ರಕರಣದಲ್ಲಿ ಯಾವ ಬದಲಾವಣೆಯಿಂದ ಎಷ್ಟು ಲಾಭವಾಯಿತೆಂದು ಬಿಡಿಸಿ ಹೇಳಲಾಗದು. ಮುಂದಿನದನ್ನು ಓದುವಾಗ ಈ ಹತ್ತು ನಿಮಿಷದ ಕೆಲಸವನ್ನು ಮರೆಯಬಾರದು.

ಮೊದಲ ಆರು ವಾರ

ಗ್ರಿಪ್ಪರ್ ಪೂರ್ತಿ ಬಂದ್. ಅದರ ಬದಲು ಬೆರಳುಗಳ ಸುತ್ತ ಅಗಲ ರಬ್ಬರ್ ಬ್ಯಾಂಡ್ ಹಾಕಿ ಬಿಚ್ಚುವ ಹಗುರ ಅಭ್ಯಾಸ, ವಾರಕ್ಕೆ ಮೂರು ಸಲ. ಮುಚ್ಚುವ ಸ್ನಾಯು ಅವರಲ್ಲಿ ಬೇಕಾದಷ್ಟು ಬೆಳೆದಿತ್ತು, ತೆರೆಯುವುದನ್ನು ಕೇಳಿದವರೇ ಇರಲಿಲ್ಲ.

ವಾರಕ್ಕೆ ಮೂರು ದಿನ 45 ನಿಮಿಷ ಸೈಕಲ್ ಅಥವಾ ದೋಣಿಯ ಹುಟ್ಟು ಹಾಕುವಂತೆ ಎಳೆಯುವ ರೋಯಿಂಗ್ ಯಂತ್ರ, ಬಡಿತ 120ರಿಂದ 135ರ ನಡುವೆ. ನಿಯಮ ಇಷ್ಟೇ: ಫೋನಿನಲ್ಲಿ ಮಾತಾಡಿದರೆ ಆ ಕಡೆಯವರಿಗೆ ವ್ಯಾಯಾಮ ಮಾಡುತ್ತಿದ್ದೀರೆಂದು ಗೊತ್ತಾಗಬಾರದು. ಇದನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಬೆವರು ಕಿತ್ತುಬರದಿದ್ದರೆ ವ್ಯಾಯಾಮವಾಗಿಲ್ಲ ಎಂಬ ಭಾವನೆ ಸವಾರರಲ್ಲಿ ಬಲವಾಗಿದೆ. ಆದರೆ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದನ್ನು, ಸ್ನಾಯು ಕೊಬ್ಬನ್ನು ಇಂಧನವಾಗಿ ಬಳಸುವುದನ್ನು ಈ ನಿಧಾನದ ಗಂಟೆಗಳೇ ಕಲಿಸುತ್ತವೆ. ಐದು ಗಂಟೆಯ ಸವಾರಿಗೆ ಬೇಕಾದದ್ದು ಇದು.

ಬಲಕ್ಕೆ ವಾರದಲ್ಲಿ ಎರಡು ದಿನ. ಒಂದು ಕಾಲು ಮುಂದಿಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್, ಸೊಂಟ ಮಡಿಸುವುದನ್ನು ಕಲಿಸುವ ರೊಮೇನಿಯನ್ ಡೆಡ್‌ಲಿಫ್ಟ್, ಎಳೆಯುವುದಕ್ಕೆ ರೋ, ಸೈಡ್ ಪ್ಲ್ಯಾಂಕ್. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕೋಪನ್‌ಹೇಗನ್ ಪ್ಲ್ಯಾಂಕ್ ಬಗ್ಗೆ ಮಾತ್ರ ಹೇಳುತ್ತೇನೆ: ಪಕ್ಕಕ್ಕೆ ಮಲಗಿ, ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು, ಆ ತೊಡೆಯ ಒಳಭಾಗದ ಬಲದಿಂದ ದೇಹವನ್ನು ಎತ್ತಿ ಹಿಡಿಯುವುದು. ಟ್ಯಾಂಕನ್ನು ಅಪ್ಪುವ ಸ್ನಾಯು ಅದೇ. ಮೊದಲ ದಿನ ಮಂಡಿಯನ್ನು ಬೆಂಚಿಗೆ ಕೊಟ್ಟು ಎಂಟು ಸೆಕೆಂಡು ನಿಂತರು. ಎಡಪಾದದ ಕೀಲಿಗೆ ದಿನವೂ ಐದು ನಿಮಿಷ, ಗೋಡೆಯ ಎದುರು.

ಮನೆಯಲ್ಲಿ ಬೈಕಿನ ಮೇಲೆ ನಿಲ್ಲುವುದು ವಾರಕ್ಕೆ ನಾಲ್ಕು ದಿನ. ಒಂದೊಂದು ನಿಮಿಷದ ನಾಲ್ಕು ಸುತ್ತುಗಳಿಂದ ಆರಂಭ. ನಿಂತಿರುವಾಗ ಪ್ರತಿ ನಾಲ್ಕು ಎಣಿಕೆಗೆ ಒಮ್ಮೆ ಬಾಯಿಯಿಂದ ಸದ್ದು ಮಾಡಿ ಉಸಿರು ಬಿಡಬೇಕು. ಒಳಗೆ ಎಳೆಯುವುದನ್ನು ಹೇಳಿಕೊಡಬೇಕಿಲ್ಲ, ಬಿಟ್ಟರೆ ಅದು ತಾನಾಗಿ ಬರುತ್ತದೆ.

ಎರಡು ಹಿನ್ನಡೆ

ಐದನೆಯ ವಾರದ ಹೊತ್ತಿಗೆ ಬೆಳಗಿನ ಬಡಿತ 68ಕ್ಕೆ ಇಳಿದಿತ್ತು. ಉತ್ಸಾಹ ಉಕ್ಕಿತು. ನನಗೆ ಹೇಳದೆ ಗೆಳೆಯರೊಂದಿಗೆ ಐದು ಗಂಟೆಯ ಸವಾರಿಗೆ ಹೋದರು. ಮರುದಿನದಿಂದ ಕೆಳಬೆನ್ನು ಹಿಡಿದುಕೊಂಡಿತು, ನಿದ್ದೆ ಕೆಟ್ಟಿತು, ಬೆಳಗಿನ ಬಡಿತ ನಾಲ್ಕು ದಿನ 77ರಿಂದ ಕೆಳಗೆ ಬರಲಿಲ್ಲ. ದೇಹ ಇನ್ನೂ ಸಾಲ ತೀರಿಸುತ್ತಿದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಗುರುತಿಲ್ಲ. ಒಂಬತ್ತು ದಿನ ಭಾರ ಎತ್ತುವುದನ್ನು ನಿಲ್ಲಿಸಿ, ನಡಿಗೆ ಮತ್ತು ಹಗುರ ಸೈಕಲ್ಲಿಗೆ ಇಳಿಸಿದೆ.

ಎರಡನೆಯ ಹಿನ್ನಡೆಗೆ ನಾನೇ ಕಾರಣ. ಎಂಟನೆಯ ವಾರದಲ್ಲಿ ಕಾಲಿನ ಭಾರದ ದಿನವನ್ನು ಶುಕ್ರವಾರಕ್ಕೆ ಇಟ್ಟೆ, ಅವರ ಸವಾರಿ ಭಾನುವಾರ. ಹೊಸ ವ್ಯಾಯಾಮದ ನಂತರದ ಸ್ನಾಯುನೋವು ಒಂದರಿಂದ ಮೂರು ದಿನಗಳ ನಡುವೆ ತುತ್ತತುದಿಗೆ ಏರುತ್ತದೆ ಎಂಬುದನ್ನು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಆ ಭಾನುವಾರ ತೊಡೆ ನೋಯುತ್ತಿದ್ದುದರಿಂದ ಅವರು ಹತ್ತೇ ನಿಮಿಷಕ್ಕೆ ಕೂತರು, ಮುಂಗೈ ಇಪ್ಪತ್ತು ನಿಮಿಷಕ್ಕೆ ಕಲ್ಲಾಯಿತು. ಸಂಜೆ ಕರೆ ಮಾಡಿದಾಗ ದನಿಯಲ್ಲಿ ಬೇಸರವಿತ್ತು. “ಇಷ್ಟು ದಿನ ಮಾಡಿದ್ದೆಲ್ಲ ವ್ಯರ್ಥವಾಯಿತೇ?” ಎಂದು ಕೇಳಿದರು. ತಪ್ಪು ನನ್ನದು, ನಿಮ್ಮ ದೇಹದ್ದಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಭಾರದ ದಿನ ಮಂಗಳವಾರಕ್ಕೆ ಹೋಯಿತು. ಒಂದರ್ಥದಲ್ಲಿ ಆ ಕೆಟ್ಟ ಭಾನುವಾರವೇ ಮೂಲ ತೀರ್ಮಾನಕ್ಕೆ ಸಾಕ್ಷಿಯಾಯಿತು: ಕಾಲು ದುರ್ಬಲವಾದ ದಿನವೇ ಕೈ ಮೊದಲಿಗಿಂತ ಬೇಗ ಸೋತಿತ್ತು.

ನೀರು

ಒಂಬತ್ತನೆಯ ವಾರದಲ್ಲಿ, ಬಿಸಿಲಿನ ಒಂದು ದಿನ, ಸವಾರಿಯ ಮೊದಲೂ ನಂತರವೂ ಒಳಉಡುಪಿನಲ್ಲಿ ತೂಗಿದೆವು. 84 ಕೆ.ಜಿ. ಇದ್ದದ್ದು 81.9ಕ್ಕೆ ಬಂದಿತ್ತು. ನಡುವೆ ಕುಡಿದದ್ದು 600 ಮಿ.ಲೀ. ಒಂದು ಕೆ.ಜಿ. ಎಂದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು. ಹಾಗಾಗಿ ಎರಡೂಕಾಲು ಗಂಟೆಯಲ್ಲಿ 2.7 ಲೀಟರ್, ಗಂಟೆಗೆ 1.2. ಕವಚ, ಹೆಲ್ಮೆಟ್, ಬೂಟಿನೊಳಗೆ ದುಡಿಯುವ ದೇಹಕ್ಕೆ ಇದು ಸಹಜ. ಆದರೆ ದೇಹತೂಕದ ಶೇ. 2ಕ್ಕಿಂತ ಹೆಚ್ಚು ನೀರು ಹೋದಾಗ ಶ್ರಮದ ಸಾಮರ್ಥ್ಯ ಕುಗ್ಗುತ್ತದೆ, ಇವರದು ಶೇ. 2.5 ಹೋಗಿತ್ತು. ಎರಡನೆಯ ಗಂಟೆಯ ನಂತರವೇ ಬೀಳುತ್ತಿದ್ದುದರಲ್ಲಿ ಇದರ ಪಾಲೂ ಇತ್ತೆಂದು ನಾನು ನಂಬುತ್ತೇನೆ. ಮೊದಲ ವಾರವೇ ತೂಗಬೇಕಿತ್ತು.

ಬೆನ್ನಮೇಲಿನ ನೀರಿನ ಚೀಲ ತುಂಬಿಯೇ ಇತ್ತು. ಅದರ ಕೊಳವೆಯನ್ನು ಜಾಕೆಟ್ಟಿನೊಳಗೆ ಸಿಕ್ಕಿಸಿದ್ದರು, ಕುಡಿಯಲು ಬೈಕ್ ನಿಲ್ಲಿಸಿ ಜಿಪ್ ಎಳೆಯಬೇಕಿತ್ತು. ಕೊಳವೆಯ ತುದಿಯನ್ನು ಗಲ್ಲದ ಪಕ್ಕಕ್ಕೆ ಕ್ಲಿಪ್ ಹಾಕಿ ನಿಲ್ಲಿಸಿದೆವು. ಕೈಗಡಿಯಾರ 15 ನಿಮಿಷಕ್ಕೊಮ್ಮೆ ಸದ್ದು ಮಾಡಿದಾಗ ಸಮತಟ್ಟು ನೆಲ ಸಿಕ್ಕಲ್ಲಿ ಮೂರು ನಾಲ್ಕು ಗುಟುಕು, ಗಂಟೆಗೆ ಸುಮಾರು 700 ಮಿ.ಲೀ., ಅದರಲ್ಲಿ ಸ್ವಲ್ಪ ಉಪ್ಪು ಮತ್ತು ಸಕ್ಕರೆ. ಬೆವರಿದಷ್ಟನ್ನೂ ಬರಿ ನೀರಿನಿಂದ ತುಂಬಿಸಲು ಹೋಗಬಾರದು. ಅತಿಯಾಗಿ ಬರಿ ನೀರು ಕುಡಿದರೆ ರಕ್ತದ ಸೋಡಿಯಂ ಇಳಿಯುವ ಅಪಾಯವಿದೆ. ದೀರ್ಘ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಸೇರುವಂತೆ ನೋಡಿಕೊಂಡೆವು.

ಏಳರಿಂದ ಹದಿನಾರು

ತಳಪಾಯ ಬಿದ್ದ ಮೇಲೆ ತೀವ್ರತೆಗೆ ಕೈಹಾಕಿದೆವು. ವಾರಕ್ಕೊಮ್ಮೆ ನಾಲ್ಕು ನಿಮಿಷದ ನಾಲ್ಕು ಸುತ್ತು ರೋಯಿಂಗ್, ಬಡಿತ ಗರಿಷ್ಠದ ಶೇ. 90ರ ಹತ್ತಿರ, ನಡುವೆ ಮೂರು ನಿಮಿಷ ನಿಧಾನ. ಇನ್ನೊಂದು ದಿನ ಇದಕ್ಕಿಂತ ಸವಾರಿಗೆ ಹತ್ತಿರವಾದ ಅಭ್ಯಾಸ: ಮೂರು ನಿಮಿಷ ಜೋರಾಗಿ ರೋಯಿಂಗ್ ಮಾಡಿ, ಏದುಸಿರಿನಲ್ಲೇ ಎದ್ದು ಬಂದು ಬೈಕಿನ ಮೇಲೆ ಎರಡು ನಿಮಿಷ ನಿಲ್ಲುವುದು, ಬೆರಳು ತಾಗಿಸಿ ಮಾತ್ರ. ಉಸಿರಿಗಾಗಿ ಒದ್ದಾಡುವಾಗಲೂ ಕೈ ಹಗುರವಾಗಿರಬಲ್ಲದು ಎಂದು ದೇಹ ಕಲಿಯಬೇಕಿತ್ತು. ಮೊದಲ ಎರಡು ವಾರ ಪ್ರತಿ ಸಲವೂ ಹ್ಯಾಂಡಲ್ ಹಿಡಿದುಬಿಡುತ್ತಿದ್ದರು. ಮೂರನೆಯ ವಾರ ಒಂದು ಬಾರಿಯೂ ಹಿಡಿಯಲಿಲ್ಲ.

ಬಿದ್ದ ಬೈಕನ್ನು ಎತ್ತುವುದನ್ನೂ ತರಬೇತಿಯ ಭಾಗ ಮಾಡಿದೆವು. ಅನೇಕರು ಬೆನ್ನು ಬಗ್ಗಿಸಿ, ಉಸಿರು ಬಿಗಿಹಿಡಿದು, ಸಿಟ್ಟಿನಿಂದ ಎಳೆದು ಎತ್ತುತ್ತಾರೆ. ಒಂದು ಸಲ ಹಾಗೆ ಎತ್ತಿದರೆ ಮುಂದಿನ ಹತ್ತು ನಿಮಿಷದ ಶಕ್ತಿ ಹೋಯಿತು. ಎಂಜಿನ್ ಆರಿಸಿ, ಹ್ಯಾಂಡಲ್ಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಕೆಳಗಿನ ಹಿಡಿಯನ್ನು ಹತ್ತಿರದಿಂದ ಹಿಡಿದು, ಬೆನ್ನು ನೇರವಿಟ್ಟು ಕಾಲಿನಿಂದ ತಳ್ಳಬೇಕು. ಇಡೀ 115 ಕೆ.ಜಿ.ಯನ್ನು ಗಾಳಿಗೆ ಎತ್ತುವ ಕೆಲಸವಲ್ಲ ಇದು, ಚಕ್ರಗಳ ಆಸರೆಯಲ್ಲಿ ಹೊರಳಿಸುವುದು. ಎತ್ತಿದ ಮೇಲೆ ಐದು ಪೂರ್ಣ ಉಸಿರು, ಆಮೇಲೆ ಹತ್ತುವುದು. ಆ ಐದು ಉಸಿರಿನ ಬಗ್ಗೆ ನಾನು ಬಹಳ ಕಟ್ಟುನಿಟ್ಟು.

ಹದಿಮೂರರಿಂದ ಹದಿನೈದು ದೀರ್ಘ ಸವಾರಿಗಳ ವಾರಗಳು. ಕೊನೆಯ ವಾರ ವ್ಯಾಯಾಮದ ಪ್ರಮಾಣ ಅರ್ಧ, ತೀವ್ರತೆ ಮಾತ್ರ ಹಾಗೇ.

ಮತ್ತೆ ಅದೇ ಅಳತೆಗಳು

ಬೆಳಗಿನ ಬಡಿತ 62. ಬೆರಳು ತಾಗಿಸಿ ನಿಲ್ಲುವುದು 6 ನಿಮಿಷ 30 ಸೆಕೆಂಡು. ಎಡಪಾದ 9 ಸೆಂ.ಮೀ. ತೂಕ 84ರಿಂದ 81.5. ಅದೇ ಸುತ್ತುಹಾದಿಯನ್ನು 20 ಸೆಕೆಂಡು ಬೇಗ ಮುಗಿಸಿದರು, ಸರಾಸರಿ ಬಡಿತ 168ರ ಬದಲು 151. ಡೈನಮೋಮೀಟರಿನಲ್ಲಿ ಬಲಗೈ 53, ಎಡಗೈ 51. ಹಿಡಿತದ ಬಲ ಹೆಚ್ಚಾಗಿರಲಿಲ್ಲ, ಆದರೂ ಆ ಸುತ್ತಿನಲ್ಲಿ ಮುಂಗೈ ಬಿಗಿಯಲಿಲ್ಲ.

ಎರಡು ದಿನಗಳ ಸವಾರಿಯ ಮೊದಲ ಬೆಳಗ್ಗೆ ಚಳಿಯಿತ್ತು. ಮೈ ಬಿಸಿ ಮಾಡಿಕೊಳ್ಳದೆ ಹೊರಟರು, ಇಪ್ಪತ್ತು ನಿಮಿಷಕ್ಕೆ ಹಳೆಯ ಬಿಗಿತ ಕಾಣಿಸಿಕೊಂಡಿತು. ಮೊದಲಾಗಿದ್ದರೆ ಹಲ್ಲುಕಚ್ಚಿ ಮುಂದುವರಿಯುತ್ತಿದ್ದರು. ಈ ಸಲ ಪಕ್ಕಕ್ಕೆ ನಿಲ್ಲಿಸಿ, ಕೈಗವಸು ತೆಗೆದು, ಬೆರಳು ಬಿಡಿಸಿ ಮುಚ್ಚುತ್ತಾ ಮೂರು ನಿಮಿಷ ಉಸಿರಾಡಿ ಹೊರಟರು. ಆ ದಿನ 4 ಗಂಟೆ 40 ನಿಮಿಷ ಓಡಿಸಿದರು. ಎರಡನೆಯ ದಿನ ಹೊರಡುವ ಮುನ್ನ ಹನ್ನೆರಡು ನಿಮಿಷ ಚುರುಕು ನಡಿಗೆ, ಸ್ಕ್ವಾಟ್, ತೋಳು ತಿರುಗಿಸುವುದು. ಕೊನೆಯ ಗಂಟೆಯವರೆಗೆ ಬಿಗಿತ ಬರಲಿಲ್ಲ. ಆಗ ಬಂದದ್ದು ಎಡಗೈಯಲ್ಲಿ ಮಾತ್ರ, ಕಡಿದಾದ ಹಾದಿಯಲ್ಲಿ ಕ್ಲಚ್ ಹಿಡಿದು ಹಿಡಿದು. ಎರಡು ದಿನದಲ್ಲಿ ಎರಡು ಬಾರಿ ಬಿದ್ದರು, ಎರಡೂ ನಡಿಗೆಯ ವೇಗದಲ್ಲಿ, ಎರಡೂ ಸಲ ತಾವೇ ಎತ್ತಿಕೊಂಡರು.

ಕೊನೆಯ ಏರಿನ ಧ್ವನಿಮುದ್ರಣವನ್ನು ನನಗೆ ಕಳಿಸಿದರು. ಸುಮಾರು ಒಂದು ನಿಮಿಷದ ಏರು. ಎಂಜಿನ್ ಸದ್ದಿನ ಕೆಳಗೆ ಒರಟಾಗಿ, ಲಯವಿಲ್ಲದೆ, ಆದರೆ ನಿಲ್ಲದೆ ಉಸಿರು ಕೇಳುತ್ತದೆ. ನಾನು ಹನ್ನೊಂದು ಎಣಿಸಿದೆ.

ಅದಾಗಿ ಮೂರು ತಿಂಗಳಾಯಿತು. ವೈದ್ಯರು ಸೂಜಿಯ ಪರೀಕ್ಷೆಯನ್ನು ಸದ್ಯಕ್ಕೆ ಬೇಡ ಎಂದಿದ್ದಾರೆ. ನಡುವೆ ಕೆಲಸದ ಒತ್ತಡದಲ್ಲಿ ಆರು ವಾರ ನಿಧಾನದ ಸೈಕಲ್ ಪೂರ್ತಿ ನಿಂತುಹೋಗಿತ್ತು, ಆಗ ಬೆಳಗಿನ ಬಡಿತ 70ಕ್ಕೆ ಮರಳಿತು, ಮುಂಗೈ ನಲವತ್ತು ನಿಮಿಷಕ್ಕೆ ಬಿಗಿಯತೊಡಗಿತು. ಈಗ ವಾರಕ್ಕೆ ಎರಡು ನಿಧಾನದ ದಿನ, ಒಂದು ಬಲದ ದಿನ ಎಂಬ ಒಪ್ಪಂದಕ್ಕೆ ಬಂದಿದ್ದೇವೆ. ಎಡಪಾದ 9 ಸೆಂ.ಮೀ.ಯಲ್ಲೇ ನಿಂತಿದೆ, ಅದನ್ನು ಫಿಸಿಯೊಥೆರಪಿಸ್ಟ್ ನೋಡುತ್ತಿದ್ದಾರೆ. ಎಡಗೈಯ ಕ್ಲಚ್ ಕೇಬಲ್ ಗಡುಸಾಗಿದೆ ಎಂದು ನನ್ನ ಅನುಮಾನ. ಬರುವ ವಾರ ಅದನ್ನು ಬಿಚ್ಚಿ ನೋಡಲಿದ್ದೇವೆ.